ಮರದ ಮೈಯ ಹಳೇ ವ್ಯಾಗನ್ ಕಾರುಗಳು: ಪದೇ ಪದೇ ಕೇಳುವ ಪ್ರಶ್ನೆಗಳು

ಹಳೇ ಕಾರುಗಳ ಬಗ್ಗೆ ಮಾತಿಗೆ ಕೂತರೆ ಯಾರಾದರೊಬ್ಬರು ಮರದ ವ್ಯಾಗನ್ ವಿಷಯ ಎತ್ತದೆ ಇರುವುದಿಲ್ಲ. ವ್ಯಾಗನ್ ಅಂದರೆ ಜನರ ಜೊತೆಗೆ ಸಾಮಾನಿಗೂ ಹಿಂದೆ ಜಾಗ ಇರುವ ಉದ್ದನೆಯ ಕಾರು. ಪತ್ರ ಬರೆದು ಕೇಳಿದವರೂ ಇದ್ದಾರೆ. ಕೇಳಿದ್ದನ್ನು ಕೇಳಿದವರ ಮಾತಲ್ಲೇ ಇಲ್ಲಿ ಇಟ್ಟಿದ್ದೇನೆ. ಸುಲಭದ್ದು ಮೊದಲು, ಬಡಗಿ ಕೆಲಸದ ಒಳಗುಟ್ಟು ಆಮೇಲೆ.

## ಮೊದಲ ಪರಿಚಯ

ಕಾರಿಗೆ ಮರದ ಬಾಡಿನಾ? ಸುಮ್ನೆ ಅಂದಕ್ಕೆ ಅಂಟಿಸಿದ್ದಲ್ವಾ?

ಅಲ್ಲ, ನಿಜವಾದ ಮರ. 1910ರಿಂದ 1940ರ ದಶಕದವರೆಗಿನ ವ್ಯಾಗನ್‌ಗಳಲ್ಲಿ ಕಂಬ, ಬಾಗಿಲಿನ ಚೌಕಟ್ಟು, ಪಕ್ಕದ ಹಲಗೆ, ಚಾವಣಿಯ ಪಟ್ಟಿ ಎಲ್ಲವೂ ಮರದ್ದೇ. ಆ ಮರವನ್ನು ಬಿಚ್ಚಿಟ್ಟರೆ ಉಳಿಯುವುದು ಛಾಸಿ ಎಂಬ ಕೆಳಗಿನ ಉಕ್ಕಿನ ಚೌಕಟ್ಟು, ಇಂಜಿನ್, ಬಾನೆಟ್, ಮಡ್‌ಗಾರ್ಡ್, ಮುಂದಿನ ಗಾಜು, ಅಷ್ಟೇ. ಕೂರಲು ಜಾಗವೇ ಇರುವುದಿಲ್ಲ.

ಅಂಟಿಸಿದ ಮರದ ಕಾರುಗಳೂ ಇವೆ. ಅವು ಬಂದಿದ್ದು ಆಮೇಲೆ. ಹಾಗಾಗಿ ಯಾವ ಮರದ ಕಾರು ಕಂಡರೂ ನಾನು ಮೊದಲು ಕೇಳುವ ಪ್ರಶ್ನೆ ಒಂದೇ: ಇಲ್ಲಿ ಮರ ಕಾರನ್ನು ಹೊತ್ತಿದೆಯಾ, ಕಾರು ಮರವನ್ನು ಹೊತ್ತಿದೆಯಾ? ಈ ಕಾರುಗಳ ಪೂರ್ತಿ ಕತೆ ಆ ಪ್ರಶ್ನೆಯಲ್ಲಿದೆ.

'ಸ್ಟೇಷನ್ ವ್ಯಾಗನ್' ಅಂದ್ರೆ ಯಾವ ಸ್ಟೇಷನ್?

ರೈಲ್ವೇ ಸ್ಟೇಷನ್. ಅಮೆರಿಕದಲ್ಲಿ ಜನ ರೈಲಲ್ಲೇ ಊರೂರು ತಿರುಗುತ್ತಿದ್ದ ಕಾಲ ಅದು. ರೈಲಿಂದ ಇಳಿದವರನ್ನೂ ಅವರ ಟ್ರಂಕುಗಳನ್ನೂ ಹೋಟೆಲಿಗೋ ಊರಾಚೆಯ ಬಂಗಲೆಗೋ ಮುಟ್ಟಿಸಲು ಗಾಡಿ ಬೇಕಿತ್ತು. ಮೈಸೂರಿನ ರೈಲ್ವೇ ಸ್ಟೇಷನ್ ಮುಂದೆ ಜಟಕಾಗಳು ನಿಲ್ಲುತ್ತಿದ್ದವಲ್ಲ, ಅದೇ ಕೆಲಸ. ಮೊದಲು ಕುದುರೆ ಎಳೆಯುತ್ತಿತ್ತು, ಆಮೇಲೆ ಇಂಜಿನ್ ಬಂತು, ಮೇಲಿನ ಮರದ ಪೆಟ್ಟಿಗೆ ಹೆಚ್ಚು ಬದಲಾಗಲಿಲ್ಲ.

ಇದಕ್ಕಿಂತ ಹಳೇ ಹೆಸರು 'ಡಿಪೋ ಹ್ಯಾಕ್'. ಅಲ್ಲಿ ಡಿಪೋ ಅಂದರೂ ರೈಲ್ವೇ ಸ್ಟೇಷನ್ನೇ. ಹ್ಯಾಕ್ ಎಂಬುದು ಬಾಡಿಗೆ ಕುದುರೆಗಾಡಿಗೆ ಇದ್ದ 'ಹ್ಯಾಕ್ನಿ' ಎಂಬ ಹೆಸರಿನ ಮೊಟಕು.

'ವುಡಿ' ಅಂತಾರಲ್ಲ, ಕಂಪನಿ ಇಟ್ಟ ಹೆಸರಾ ಅದು?

ಇಲ್ಲ, ಜನ ಪ್ರೀತಿಯಿಂದ ಇಟ್ಟ ಅಡ್ಡಹೆಸರು. ಕಂಪನಿಗಳು ಸ್ಟೇಷನ್ ವ್ಯಾಗನ್, ಸಬರ್ಬನ್, ಎಸ್ಟೇಟ್ ವ್ಯಾಗನ್ ಅಂತೆಲ್ಲ ಕರೆದವು. ಫ್ರಾನ್ಸಿನಲ್ಲಿ ಇಂಥ ಮರದ ಕಾರಿಗೆ 'ಕೆನಡಿಯೆನ್' ಎಂಬ ಹೆಸರೂ ಇತ್ತು.

ಬಡವರ ಗಾಡಿನಾ, ಶ್ರೀಮಂತರದ್ದಾ?

ಎರಡೂ ಹೌದು. ಹುಟ್ಟಿದ್ದು ದುಡಿಮೆಯ ಗಾಡಿಯಾಗಿ. ಹೋಟೆಲಿನವರು, ತೋಟದವರು, ಶಾಲೆಯವರು ಕೊಳ್ಳುತ್ತಿದ್ದರು. ಅದೇ ಹೊತ್ತಿಗೆ ನ್ಯೂಯಾರ್ಕ್ ಪಕ್ಕದ ಲಾಂಗ್ ಐಲೆಂಡಿನಂಥ ಕಡೆ ದೊಡ್ಡ ದೊಡ್ಡ ಬಂಗಲೆಯವರೂ ಒಂದೊಂದು ಇಟ್ಟುಕೊಂಡರು. ಅವರ ಒಳ್ಳೇ ಕಾರು ಬೇರೆ ಇರುತ್ತಿತ್ತು. ಇದು ಅತಿಥಿಗಳ ಸಾಮಾನು, ನಾಯಿ, ಆಳುಕಾಳು ಸಾಗಿಸಲು. ಹೀಗೆ ದುಡಿಯುವ ಗಾಡಿ ದೊಡ್ಡವರ ಅಂಗಳದಲ್ಲಿ ನಿಂತೂ ನಿಂತೂ ಅದಕ್ಕೊಂದು ಘನತೆ ಬಂತು.

ಬೆಲೆಯೂ ಕಮ್ಮಿ ಇರಲಿಲ್ಲ. 1929ರ ಫೋರ್ಡ್ ಮಾಡೆಲ್ ಎ ವ್ಯಾಗನ್‌ಗೆ 695 ಡಾಲರ್. ಅದೇ ಸಾಲಿನ ಸಾಮಾನ್ಯ ಸೆಡಾನ್ ಇದಕ್ಕಿಂತ ಅಗ್ಗ. ಕೈಕೆಲಸಕ್ಕೆ ಕೂಲಿ ಜಾಸ್ತಿ ಅಲ್ವಾ.

## ಹುಟ್ಟಿದ ಬಗೆ

ಮೊದಲನೇ ಮರದ ವ್ಯಾಗನ್ ಮಾಡಿದ್ದು ಯಾರು?

ಒಬ್ಬರ ಹೆಸರು ಹೇಳಲು ಬರುವುದಿಲ್ಲ. ಯಾಕೆ ಅಂತ ಅರ್ಥ ಆಗಬೇಕಾದರೆ ನಮ್ಮ ಲಾರಿಗಳನ್ನೇ ನೋಡಿ. ಹೆದ್ದಾರಿಯಲ್ಲಿ ಬರೀ ಛಾಸಿ ಹೋಗುವುದನ್ನು ನೀವೂ ಕಂಡಿರುತ್ತೀರಿ. ಮುಂದೆ ಗಾಜಿಲ್ಲ, ತಲೆ ಮೇಲೆ ಚಾವಣಿ ಇಲ್ಲ, ಡ್ರೈವರ್ ತಲೆಗೆ ಟವೆಲ್ ಸುತ್ತಿಕೊಂಡು ಗಾಳಿಗೆ ಕಣ್ಣು ಕಿರಿದು ಮಾಡಿ ಓಡಿಸುತ್ತಿರುತ್ತಾನೆ. ಕಂಪನಿಯಿಂದ ಛಾಸಿ ಬರುತ್ತದೆ, ಬಾಡಿ ಕಟ್ಟುವ ಶೆಡ್‌ನಲ್ಲಿ ಬಡಗಿಗಳು ಮರದ ಹಲಗೆ ಹೊಡೆದು ಲಾರಿ ಮಾಡುತ್ತಾರೆ. ನಮ್ಮೂರ ಕಡೆಯ ಅಂಥ ಶೆಡ್ ಒಂದರ ಮುಂದೆ ಚಿಕ್ಕಂದಿನಲ್ಲಿ ಗಂಟೆಗಟ್ಟಲೆ ನಿಂತಿದ್ದೇನೆ. ಮರದ ಹೊಟ್ಟಿನ ವಾಸನೆ, ಗ್ರೀಸ್ ವಾಸನೆ ಎರಡೂ ಒಟ್ಟಿಗೆ ಬರುವ ಜಾಗ ಅದೊಂದೇ.

ಅಮೆರಿಕದಲ್ಲೂ ಹೀಗೇ ಶುರುವಾಗಿದ್ದು. ಫೋರ್ಡ್ ಮಾಡೆಲ್ ಟಿ 1908ರಲ್ಲಿ ಬಂತು. 1927ರವರೆಗೆ ಒಂದೂವರೆ ಕೋಟಿ ತಯಾರಾದವು. ಬಾಡಿ ಇಲ್ಲದ ಬರೀ ಛಾಸಿಯೂ ಸಿಗುತ್ತಿತ್ತು. ಅದನ್ನು ಊರಿನ ಬಡಗಿ ಅಥವಾ ಕುದುರೆಗಾಡಿ ಕಟ್ಟುವ ಅಂಗಡಿಯವನ ಹತ್ತಿರ ತಗೊಂಡು ಹೋದರೆ ಬೇಕಾದ ಹಾಗೆ ಮೈ ಕಟ್ಟಿಕೊಡುತ್ತಿದ್ದ. ಕುದುರೆಗಾಡಿ ಕೆಲಸ ಕಮ್ಮಿಯಾಗುತ್ತಿದ್ದ ದಿನಗಳು. ಕೈಯಲ್ಲಿ ಕಸುಬಿತ್ತು, ಕೆಲಸ ಇರಲಿಲ್ಲ. ಈ ಛಾಸಿಗಳು ಅವರ ಅನ್ನ ಉಳಿಸಿದವು.

ಹಾಗಾದ್ರೆ ಕಂಪನಿಗಳೇ ಮಾಡೋಕೆ ಶುರು ಮಾಡಿದ್ದು ಯಾವಾಗ?

1923ರಲ್ಲಿ. ಜನರಲ್ ಮೋಟರ್ಸ್ ಕಟ್ಟಿದ ವಿಲಿಯಂ ಡ್ಯೂರಂಟ್ ಅಲ್ಲಿಂದ ಹೊರಬಂದು 'ಸ್ಟಾರ್' ಎಂಬ ಅಗ್ಗದ ಕಾರು ತಂದಿದ್ದರು. ಅದರ ಮಾದರಿಗಳ ಪಟ್ಟಿಯಲ್ಲೇ ಸ್ಟೇಷನ್ ವ್ಯಾಗನ್ ಸೇರಿತು. ಕಂಪನಿಯೇ ಪಟ್ಟಿಗೆ ಸೇರಿಸಿ ಮಾರಿದ ಮೊದಲ ವ್ಯಾಗನ್ ಅಂತ ಸಾಮಾನ್ಯವಾಗಿ ಅದನ್ನೇ ಹೇಳುತ್ತಾರೆ.

ದೊಡ್ಡ ಪ್ರಮಾಣದಲ್ಲಿ ಮಾಡಿದ್ದು ಫೋರ್ಡ್, 1929ರ ಮಾಡೆಲ್ ಎ ವ್ಯಾಗನ್. ಮೊದಲ ವರ್ಷವೇ ಸುಮಾರು 5,000 ತಯಾರಾದವು. ಆಮೇಲೂ ಹೊರಗಿನ ಬಾಡಿ ಅಂಗಡಿಗಳು ನಿಲ್ಲಲಿಲ್ಲ. ಲಾಂಗ್ ಐಲೆಂಡಿನ ಹಂಟಿಂಗ್ಟನ್ನಿನ ಕ್ಯಾಂಟ್ರೆಲ್, ಇಂಡಿಯಾನಾದ ಹರ್ಕ್ಯುಲಿಸ್, ಮಿಶಿಗನ್ನಿನ ಅಯೋನಿಯಾ ಮುಂತಾದ ಕಡೆಯವರು ಬೇರೆ ಬೇರೆ ಕಂಪನಿಗಳ ಛಾಸಿ ಮೇಲೆ ಕಟ್ಟುತ್ತಲೇ ಇದ್ದರು. ಅದಕ್ಕೇ ಒಂದೇ ವರ್ಷದ, ಒಂದೇ ಕಂಪನಿಯ ಎರಡು ವ್ಯಾಗನ್‌ಗಳ ಹಿಂಭಾಗ ಬೇರೆ ಬೇರೆ ತರ ಕಾಣಬಹುದು. ಅದು ನಕಲಿ ಅಂತ ಅಲ್ಲ, ಕಟ್ಟಿದ ಕೈ ಬೇರೆ.

ತಗಡು ಇರಲಿಲ್ವಾ ಆಗ? ಮರವೇ ಯಾಕೆ?

ತಗಡು ಇತ್ತು. ಪೂರ್ತಿ ಉಕ್ಕಿನ ಮೈಯೂ ಇತ್ತು. ಫಿಲಡೆಲ್ಫಿಯಾದ ಬಡ್ ಕಂಪನಿ 1910ರ ದಶಕದಲ್ಲೇ ಡಾಡ್ಜ್ ಕಾರುಗಳಿಗೆ ಮಾಡಿಕೊಡುತ್ತಿತ್ತು. ಆದರೆ ತಗಡನ್ನು ಒತ್ತಿ ಆಕಾರ ಕೊಡಲು ಭಾರೀ ಅಚ್ಚು ಬೇಕು. ಅಚ್ಚಿಗೆ ಹಾಕಿದ ದುಡ್ಡು ವಾಪಸ್ ಬರಬೇಕಾದರೆ ಲಕ್ಷಗಟ್ಟಲೆ ಕಾರು ಮಾರಬೇಕು. ವ್ಯಾಗನ್ ಮಾರಾಟವಾಗುತ್ತಿದ್ದದ್ದು ಕೆಲವೇ ಸಾವಿರ. ಮರಕ್ಕಾದರೆ ಗರಗಸ, ಉಳಿ, ತೋಪಡಾ, ಗೊತ್ತಿರುವ ಕೈ ಇದ್ದರೆ ಸಾಕು.

ಇನ್ನೊಂದು ಮಾತು. ಆ ಕಾಲದ ಎಷ್ಟೋ ಮಾಮೂಲಿ ಕಾರುಗಳ ಒಳಗೂ ಮರದ ಅಸ್ಥಿಪಂಜರವೇ ಇತ್ತು, ಮೇಲೆ ತಗಡು ಹೊದಿಸಿರುತ್ತಿದ್ದರು. ವ್ಯಾಗನ್ ಮಾತ್ರ ತನ್ನ ಎಲುಬನ್ನು ಹೊರಗೆ ತೋರಿಸಿಕೊಂಡು ಓಡಾಡಿತು.

ಫೋರ್ಡ್‌ಗೆ ಅಷ್ಟು ಮರ ಎಲ್ಲಿಂದ ಬರ್ತಿತ್ತು?

ಸ್ವಂತ ಕಾಡಿನಿಂದ! ನನಗೆ ತುಂಬಾ ಇಷ್ಟವಾದ ಕತೆ ಇದು. ಮಿಶಿಗನ್ ರಾಜ್ಯದ ಉತ್ತರ ತುದಿಯಲ್ಲಿ, ಮೇಪಲ್ ಮರ ದಟ್ಟವಾಗಿರುವ ಕಡೆ, 1920ರ ಸುಮಾರಿಗೆ ಹೆನ್ರಿ ಫೋರ್ಡ್ 3 ಲಕ್ಷ ಎಕರೆಗೂ ಹೆಚ್ಚು ಕಾಡು ಕೊಂಡರು. ಕೊಡಿಸಿದ್ದು ಅವರ ನೆಂಟ ಎಡ್ವರ್ಡ್ ಕಿಂಗ್ಸ್‌ಫರ್ಡ್. ಅಲ್ಲೇ ಐರನ್ ಮೌಂಟನ್ ಎಂಬ ಊರಲ್ಲಿ ಸಾಮಿಲ್, ಮರ ಒಣಗಿಸುವ ಗೂಡು, ಬಾಡಿ ಭಾಗ ಕಡೆಯುವ ಕಾರ್ಖಾನೆ ಎಲ್ಲ ಎದ್ದವು. ಮೊದಮೊದಲು ಭಾಗಗಳನ್ನು ಅಲ್ಲಿ ಕಡೆದು, ಡೆಟ್ರಾಯ್ಟಿನ ಮರ್ರೇ ಕಂಪನಿಯಲ್ಲಿ ಜೋಡಿಸುತ್ತಿದ್ದರು. 1930ರ ದಶಕದ ನಡುವಿನ ಹೊತ್ತಿಗೆ ಜೋಡಣೆಯೂ ಐರನ್ ಮೌಂಟನ್ನಿಗೇ ಬಂತು.

ಮರ ಕಡೆದ ಮೇಲೆ ಚೂರು ಉಳಿಯುತ್ತದಲ್ಲ, ಅದನ್ನೂ ಫೋರ್ಡ್ ಬಿಸಾಡಲಿಲ್ಲ. ಸುಟ್ಟು ಇದ್ದಿಲು ಮಾಡಿ, ಪುಡಿ ಒತ್ತಿ ಬಿಲ್ಲೆ ಮಾಡಿ, ಫೋರ್ಡ್ ಡೀಲರ್‌ಗಳ ಅಂಗಡಿಯಲ್ಲೇ ಮಾರಿಸಿದರು. ಇವತ್ತು ಅಮೆರಿಕದಲ್ಲಿರುವ ಕನ್ನಡದವರು ಹಿತ್ತಲಲ್ಲಿ ಜೋಳ ಸುಡಲು ತರುವ ಕಿಂಗ್ಸ್‌ಫರ್ಡ್ ಇದ್ದಿಲಿನ ಚೀಲ ಇದೆಯಲ್ಲ, ಅದು ಹುಟ್ಟಿದ್ದು ಇಲ್ಲೇ.

ಎರಡನೇ ಮಹಾಯುದ್ಧ ಬಂದಾಗ ಕಾರು ಕೆಲಸ ನಿಂತಿತು. ಅದೇ ಬಡಗಿಗಳು ಸೇನೆಗೆ ಇಂಜಿನ್ ಇಲ್ಲದ ಗ್ಲೈಡರ್ ವಿಮಾನ ಕಟ್ಟಿಕೊಟ್ಟರು. ಒಂದಲ್ಲ ಎರಡಲ್ಲ, 4,000ಕ್ಕೂ ಹೆಚ್ಚು.

## ಬಗೆಗಳು

ಬೇರೆ ಬೇರೆ ಕಾಲದ ವ್ಯಾಗನ್‌ಗಳನ್ನ ನೋಡಿ ಗುರುತು ಹಿಡಿಯೋದು ಹೇಗೆ?

ಕಿಟಕಿಯಿಂದ ಶುರು ಮಾಡಿ. ಡಿಪೋ ಹ್ಯಾಕ್ ಕಾಲದವಕ್ಕೆ ಪಕ್ಕದಲ್ಲಿ ಗಾಜೇ ಇಲ್ಲ. ಮಳೆ ಬಂದರೆ ಸುರುಳಿ ಸುತ್ತಿದ ಕ್ಯಾನ್ವಾಸ್ ಪರದೆ ಇಳಿಬಿಡಬೇಕು, ನಮ್ಮ ಆಟೋಗಳ ಹಾಗೆ. ಎಷ್ಟೋ ಗಾಡಿಗಳಿಗೆ ಬಾಗಿಲೂ ಇರಲಿಲ್ಲ. ನೆಟ್ಟಗಿನ ಕಂಬ, ಮೇಲೊಂದು ಚಪ್ಪರ, ಅಡ್ಡ ಬೆಂಚು.

ಮಾಡೆಲ್ ಎ ಹೊತ್ತಿಗೆ ನಾಲ್ಕು ಬಾಗಿಲು ಬಂದವು, ಪರದೆ ಹೋಗಲಿಲ್ಲ. 1930ರ ದಶಕದ ಕೊನೆಗೆ ಸುತ್ತಲೂ ಗಾಜು ಬಂತು. ಆಗ ಇದು ಮಳೆಗಾಲದಲ್ಲೂ ಮನೆಮಂದಿ ಕೂರಬಹುದಾದ ಕಾರಾಯಿತು. ಮೂರು ಸಾಲು ಸೀಟು, ಹಿಂದಿನವನ್ನು ಎತ್ತಿ ಹೊರಗಿಡಬಹುದು. ಹಿಂಬಾಗಿಲು ಎರಡು ಹೋಳು: ಕೆಳಗಿನದು ಸರಪಳಿ ಮೇಲೆ ಹಲಗೆಯಂತೆ ಮಲಗುತ್ತದೆ, ಮೇಲಿನದು ಮೇಲಕ್ಕೆ ಎತ್ತಿಕೊಳ್ಳುತ್ತದೆ.

ಚಾವಣಿ ನೋಡುವುದನ್ನು ಮರೀಬೇಡಿ. ಹಳೇದರಲ್ಲಿ ಅದು ಉದ್ದುದ್ದ ಮರದ ಪಟ್ಟಿಗಳು, ಮೇಲೆ ಹತ್ತಿ ಹಾಸಿ ನೀರು ಇಳಿಯದ ಬಟ್ಟೆ ಬಿಗಿದಿರುತ್ತಾರೆ. ಒಳಗೆ ಕೂತು ತಲೆ ಎತ್ತಿದರೆ ಆ ಪಟ್ಟಿಗಳೆಲ್ಲ ಸಾಲಾಗಿ ಕಾಣುತ್ತವೆ, ದೋಣಿಯೊಂದನ್ನು ಮಗುಚಿ ಅದರ ಕೆಳಗೆ ಕೂತ ಹಾಗೆ. ಚಾವಣಿ ಉಕ್ಕಿನದಾದರೆ ಅದು ಸಾಮಾನ್ಯವಾಗಿ 1940ರ ದಶಕದ ಕೊನೆಯ ಕಾರು.

ಕ್ರೈಸ್ಲರ್ ಟೌನ್ ಅಂಡ್ ಕಂಟ್ರಿಗೆ ಅಷ್ಟು ಹೆಸರು ಯಾಕೆ?

ಉಳಿದವರು ಕಾರಿನ ಮೂತಿಗೆ ಮರದ ಪೆಟ್ಟಿಗೆ ಜೋಡಿಸಿದರು. 1941ರ ಕ್ರೈಸ್ಲರ್ ಮರದಲ್ಲೇ ಒಂದು ನುಣುಪಾದ ಕಾರು ಮಾಡಿತು. ಹಿಂಭಾಗ ಪೀಪಾಯಿಯ ಹಾಗೆ ದುಂಡಗೆ, ಬಾಗಿಲು ಬೀರುವಿನಂತೆ ಎರಡೂ ಪಕ್ಕಕ್ಕೆ ತೆರೆಯುತ್ತವೆ, ಚಾವಣಿ ಉಕ್ಕಿನದು. ಚೌಕಟ್ಟಿಗೆ ಬಿಳಿ ಆಶ್ ಮರ, ನಡುವಿನ ಹಲಗೆಗೆ ಹೊಂಡುರಾಸ್ ಮಹಾಗನಿ. ಬಿಳಿಯ ಅಂಚು, ಕೆಂಗಂದು ಹೊಟ್ಟೆ. ಮೊದಲ ವರ್ಷ ತಯಾರಾಗಿದ್ದು ಸಾವಿರದೊಳಗೆ.

ಯುದ್ಧದ ನಂತರ ಅದೇ ಹೆಸರಿನಲ್ಲಿ ಮರದ ಸೆಡಾನ್, ಚಾವಣಿ ಮಡಚಬಹುದಾದ ಮರದ ಕನ್ವರ್ಟಿಬಲ್ ಬಂದವು, ವ್ಯಾಗನ್ ತಕ್ಷಣ ಬರಲಿಲ್ಲ. ಫೋರ್ಡ್ ಕೂಡ 1946ರಲ್ಲಿ ಸ್ಪೋರ್ಟ್ಸ್‌ಮನ್ ಎಂಬ ಮರದ ಕನ್ವರ್ಟಿಬಲ್ ತಂದಿತು. ಸಾಮಾನು ಹೊರುವ ಅಗತ್ಯಕ್ಕೆ ಬಂದಿದ್ದ ಮರ ಇಲ್ಲಿ ಒಡವೆಯಾಯಿತು. ನೋಡಲು ಬಲು ಚೆಂದ, ನಿಜ. ಆದರೂ ನನ್ನ ಮನಸ್ಸು ಇರುವುದು ಹಳೇ ಡಿಪೋ ಹ್ಯಾಕ್ ಮೇಲೇ.

ಬ್ರಿಟನ್ನಿನವರು 'ಶೂಟಿಂಗ್ ಬ್ರೇಕ್' ಅಂತಾರೆ. ಬ್ರೇಕ್ ಅಂದ್ರೆ ಗಾಡಿ ನಿಲ್ಲಿಸೋ ಬ್ರೇಕಾ?

ಅಲ್ಲ. ಎಳೇ ಕುದುರೆಗಳನ್ನು ಪಳಗಿಸಲು ಕಟ್ಟುತ್ತಿದ್ದ ಭಾರದ ಗಾಡಿಗೆ ಬ್ರೇಕ್ ಎಂಬ ಹೆಸರಿತ್ತು. ಅಂಥ ಗಾಡಿಯಲ್ಲೇ ಆಮೇಲೆ ಶಿಕಾರಿಯವರು, ಬಂದೂಕು, ನಾಯಿ, ಹೊಡೆದ ಹಕ್ಕಿಗಳು ಹೋಗತೊಡಗಿದವು. ಮೋಟಾರು ಬಂದಾಗ ಹೆಸರೂ ಅದಕ್ಕೆ ದಾಟಿತು. ಅಮೆರಿಕದ ವ್ಯಾಗನ್ ರೈಲ್ವೇ ಸ್ಟೇಷನ್ನಿನ ಕೂಸಾದರೆ ಬ್ರಿಟನ್ನಿನದು ಕಾಡುಮೇಡಿನ ಕೂಸು.

ಯುದ್ಧ ಮುಗಿದ ಹೊಸತರಲ್ಲಿ ಅಲ್ಲಿ ಇವು ಹೆಚ್ಚಿದ್ದಕ್ಕೆ ತೆರಿಗೆಯೂ ಕಾರಣ. ಕಾರು ಕೊಂಡರೆ ದೊಡ್ಡ ತೆರಿಗೆ. ಶೂಟಿಂಗ್ ಬ್ರೇಕ್ ಸರಕಿನ ಗಾಡಿಯ ಲೆಕ್ಕಕ್ಕೆ ಬರುತ್ತಿದ್ದರಿಂದ ಆ ತೆರಿಗೆ ಇಲ್ಲ. ಬದಲಿಗೆ ಸರಕಿನ ಗಾಡಿಯ ಹಾಗೆಯೇ ಗಂಟೆಗೆ 30 ಮೈಲಿ ದಾಟುವಂತಿಲ್ಲ.

ಮಾರಿಸ್ ಮೈನರ್ ಟ್ರಾವೆಲರ್‌ನಲ್ಲಿರೋದು ನಿಜವಾದ ಮರನಾ?

ಹೌದು, ಹೊರೆ ಹೊರುವ ಮರ. 1953ರಲ್ಲಿ ಬಂದು 1971ರವರೆಗೆ ತಯಾರಾಯಿತು. ಮುಂದಿನರ್ಧ ಉಕ್ಕು, ಹಿಂದಿನರ್ಧ ಆಶ್ ಮರದ ಚೌಕಟ್ಟು, ಅದರ ನಡುವೆ ಅಲ್ಯೂಮಿನಿಯಂ ಹಲಗೆ. ಬ್ರಿಟನ್ನಿನಲ್ಲಿ ವರ್ಷಕ್ಕೊಮ್ಮೆ ನಡೆಯುವ ವಾಹನ ತಪಾಸಣೆಯಲ್ಲಿ ಈ ಮರ ಕೊಳೆತಿದ್ದರೆ, ಛಾಸಿ ತುಕ್ಕು ಹಿಡಿದಷ್ಟೇ ಗಂಭೀರವಾಗಿ ನೋಡುತ್ತಿದ್ದರು. ಅಲ್ಲಿನ ತೇವಕ್ಕೆ ಕಿಟಕಿಯ ಸಂದಿಯಲ್ಲಿ ಪಾಚಿ ಬೆಳೆಯುವುದೂ ಉಂಟು. ಅದೇ ಕಾಲದ ಮಿನಿ ಟ್ರಾವೆಲರ್‌ನಲ್ಲೂ ಮರ ಕಾಣುತ್ತದೆ. ಅದು ಉಕ್ಕಿನ ಮೈ ಮೇಲೆ ಅಂಟಿಸಿದ್ದು, ಕಿತ್ತರೂ ಕಾರಿಗೆ ಏನೂ ಆಗದು.

ನಮ್ಮ ಕಡೆ ಇಂಥ ಕಾರು ಇದ್ವಾ?

ಅರಸರ ಕಾಲದಲ್ಲಿ ಶಿಕಾರಿಗೆ ಅಂತಲೇ ಕಟ್ಟಿಸಿದ ಕಾರುಗಳು ಭಾರತದ ಹಲವು ಸಂಸ್ಥಾನಗಳಲ್ಲಿದ್ದವು. ಸಾಮಾನ್ಯ ಜನರ ಮಟ್ಟಿಗೆ ಈ ಕಸುಬು ಉಳಿದದ್ದು ಬಸ್ಸು, ಲಾರಿಗಳ ಬಾಡಿಯಲ್ಲಿ.

## ಮರದ ಕೆಲಸ

ಯಾವ ಮರ ಬಳಸ್ತಿದ್ರು? ತೇಗ ಯಾಕೆ ಅಲ್ಲ?

ಹತ್ತಿರ ಸಿಗುವ ಗಟ್ಟಿ ಮರ. ಫೋರ್ಡ್‌ನವರು ಚೌಕಟ್ಟಿಗೆ ಮೇಪಲ್, ಹಲಗೆಗೆ ಬರ್ಚ್ ಅಥವಾ ಮಹಾಗನಿಯ ಪ್ಲೈವುಡ್ ಬಳಸಿದರು. ಜನರಲ್ ಮೋಟರ್ಸ್‌ನ ಕಾರುಗಳಲ್ಲಿ ಹೆಚ್ಚಾಗಿ ಆಶ್ ಮತ್ತು ಮಹಾಗನಿ. ಮೇಪಲ್ ಗಟ್ಟಿ, ಸ್ಕ್ರೂ ಚೆನ್ನಾಗಿ ಹಿಡಿಯುತ್ತದೆ. ಆಶ್‌ಗೆ ಬಳುಕುವ ಗುಣ ಇದೆ, ಹೊಡೆತ ತಾಳುತ್ತದೆ. ಅಲ್ಲಿ ಸಲಿಕೆ ಕಾವಿಗೂ ಅದೇ ಮರ. ನಮ್ಮಲ್ಲಿ ಎತ್ತಿನ ಗಾಡಿಗೆ ಜಾಲಿ ಹುಡುಕುತ್ತಿದ್ದರಲ್ಲ, ಅದೇ ಲೆಕ್ಕಾಚಾರ.

ತೇಗ ಏಷ್ಯಾದ ಮರ, ಅಲ್ಲಿಗೆ ದುಬಾರಿ. ಆದರೆ ತೇಗಕ್ಕಿರುವ ಒಂದು ಗುಣ ಮೇಪಲ್‌ಗೂ ಇಲ್ಲ, ಆಶ್‌ಗೂ ಇಲ್ಲ. ಅವೆರಡೂ ನೀರು ಕುಡಿದರೆ ಬೇಗ ಕೊಳೆಯುತ್ತವೆ. ಈ ಕಾರುಗಳ ಎಲ್ಲ ತಾಪತ್ರಯದ ಬೇರು ಅದು.

ಓಡೋ ಗಾಡೀಲಿ ಮರದ ಜೋಡಣೆ ಬಿಟ್ಟುಕೊಳ್ಳಲ್ವಾ?

ಬಿಟ್ಟುಕೊಳ್ಳುತ್ತದೆ. ಅದಕ್ಕೇ ಜೋಡಣೆಯಲ್ಲಿ ಅಷ್ಟೊಂದು ಬುದ್ಧಿ ಖರ್ಚು ಮಾಡಿದ್ದಾರೆ. ಬಾಗಿಲಿನ ಮೂಲೆಗೆ ಒಂದು ಮರದ ತುದಿಯನ್ನು ನಾಲಿಗೆಯಂತೆ ಕೆತ್ತಿ ಇನ್ನೊಂದರ ತೂತಿಗೆ ಕೂರಿಸುತ್ತಿದ್ದರು, ನಮ್ಮ ಮನೆ ಬಾಗಿಲಿಗೆ ಮಾಡುವ ಹಾಗೆ. ಉದ್ದದ ಬಾಗಿದ ತುಂಡು ಬೇಕಾದಾಗ ಎರಡು ತುಂಡುಗಳ ತುದಿಯನ್ನು ಹಲ್ಲು ಹಲ್ಲಾಗಿ ಕಡೆದು, ಎರಡು ಕೈ ಬೆರಳು ಹೆಣೆದಂತೆ ಸೇರಿಸಿ ಅಂಟು ಹಾಕುತ್ತಿದ್ದರು. ಫೋರ್ಡ್ ವ್ಯಾಗನ್‌ಗಳ ಪಕ್ಕದಲ್ಲಿ ಈ ಬೆರಳುಗಳು ಬರಿಗಣ್ಣಿಗೇ ಕಾಣುತ್ತವೆ. ಹತ್ತಿರ ಹೋಗಿ ಉಗುರಿಂದ ಸವರಿದರೆ ಗೆರೆ ಸಿಗಬಾರದು, ಸಿಕ್ಕರೆ ಅಂಟು ಬಿಟ್ಟಿದೆ ಅಂತ.

ಇಷ್ಟಾದರೂ ಬೇಸಿಗೆಯಲ್ಲಿ ಮರ ಒಣಗಿ ಕುಗ್ಗುತ್ತದೆ, ಚಳಿಮಳೆಗೆ ಉಬ್ಬುತ್ತದೆ. ಹೊಸದರಲ್ಲಿ ಸುಮ್ಮನಿದ್ದ ಕಾರು ನಾಲ್ಕೈದು ವರ್ಷಕ್ಕೆ ಕಿರ್ ಕಿರ್ ಅನ್ನತೊಡಗುತ್ತದೆ.

ಮಳೆ ಬಿಸಿಲಿಗೆ ಹೇಗೆ ಕಾಪಾಡ್ತಿದ್ರು?

ವಾರ್ನಿಶ್. ವರ್ಷಕ್ಕೊಮ್ಮೆ ಹಳೇ ವಾರ್ನಿಶ್ ಉಜ್ಜಿ ಹೊಸದು ಬಳಿಯಬೇಕು, ದೋಣಿಗೆ ಬಳಿಯುವಂಥದ್ದೇ. ಒಂದು ವರ್ಷ ಬಿಟ್ಟರೆ ಮರ ಬೂದು ತಿರುಗುತ್ತದೆ, ಎರಡು ವರ್ಷ ಬಿಟ್ಟರೆ ಸಂದಿಗೆ ನೀರು ಇಳಿಯುತ್ತದೆ. ಮೊದಲು ಕೊಳೆಯುವುದು ಬಾಗಿಲಿನ ಕೆಳ ಅಂಚು, ಹಿಂಬಾಗಿಲಿನ ಕೆಳ ಪಟ್ಟಿ, ಸ್ಕ್ರೂ ತೂತಿನ ಸುತ್ತಮುತ್ತ, ಮರಕ್ಕೆ ಉಕ್ಕು ತಾಗುವ ಜಾಗ. ಕಬ್ಬಿಣದ ಬೋಲ್ಟಿನ ಪಕ್ಕ ಮರ ಕಪ್ಪಗಾಗಿರುವುದೂ ಕಾಣುತ್ತದೆ. ಹಳೇ ಬಾಗಿಲಿನ ಮೊಳೆ ಸುತ್ತ ಕಪ್ಪು ಕಲೆ ಬರುತ್ತದಲ್ಲ, ಅದೇ. ದುರಸ್ತಿ ಮಾಡುವವರು ಅದನ್ನು ಆಕ್ಸಾಲಿಕ್ ಆಸಿಡ್ ಹಚ್ಚಿ ತಿಳಿಗೊಳಿಸುತ್ತಾರೆ.

ಕೆಟ್ಟ ಭಾಗವನ್ನಷ್ಟೇ ಓರೆಯಾಗಿ ಕತ್ತರಿಸಿ, ಅದೇ ಜಾತಿಯ, ಅದೇ ಎಳೆಯ ಮರ ಕೂರಿಸಿ ಅಂಟಿಸುವುದು ಒಳ್ಳೇ ಕೈಯವರ ರೀತಿ. ಪೂರ್ತಿ ಬದಲಿಸುವುದು ಸುಲಭ. ಆದರೆ ಎಂಬತ್ತು ತೊಂಬತ್ತು ವರ್ಷದ ಹಿಂದೆ ಒಬ್ಬ ಬಡಗಿ ಪೆನ್ಸಿಲ್ಲಲ್ಲಿ ಹಾಕಿದ ಗೆರೆ ಎಷ್ಟೋ ಸಲ ಒಳಮೈಯಲ್ಲಿ ಇನ್ನೂ ಇರುತ್ತದೆ. ಅದನ್ನು ಕಿತ್ತು ಬಿಸಾಡಲು ನನಗಂತೂ ಮನಸ್ಸು ಬರುವುದಿಲ್ಲ.

## ಕೊನೆಯ ದಿನಗಳು ಮತ್ತು ಇವತ್ತು

ಇಷ್ಟು ಚೆನ್ನಾಗಿದ್ದ ಮೇಲೆ ನಿಂತು ಹೋಗಿದ್ದು ಯಾಕೆ?

ಜನರಿಗೆ ವ್ಯಾಗನ್ ಇಷ್ಟವಾಗಿದ್ದೇ ಮರಕ್ಕೆ ಮುಳುವಾಯಿತು. ಯುದ್ಧದ ನಂತರ ಊರಾಚೆ ಮನೆ ಕಟ್ಟಿಕೊಂಡ ಸಂಸಾರಗಳಿಗೆ ದೊಡ್ಡ ಕಾರು ಬೇಕಾಯಿತು. ಮಾರಾಟ ಏರಿದಾಗ ಉಕ್ಕಿನ ಅಚ್ಚಿಗೆ ಹಾಕುವ ದುಡ್ಡು ಗಿಟ್ಟತೊಡಗಿತು. ಉಕ್ಕಿನ ಷೆವ್ರೊಲೆ ಸಬರ್ಬನ್ 1935ರಲ್ಲೇ ಬಂದಿತ್ತು, ಅದು ಟ್ರಕ್ ಛಾಸಿ ಮೇಲಿನ ಗಾಡಿ. 1946ರಲ್ಲಿ ಜೀಪಿನ ವಿಲ್ಲೀಸ್ ಕಂಪನಿ ಉಕ್ಕಿನ ವ್ಯಾಗನ್ ತಂದಿತು, ಮೈಗೆ ಮರದ ಹಾಗೆ ಕಾಣುವ ಬಣ್ಣ ಬಳಿದು. ಉಕ್ಕಿನ ಮೈಯ 1949ರ ಪ್ಲಿಮತ್ ಸಬರ್ಬನ್ ಅದೇ ಕಂಪನಿಯ ಮರದ ವ್ಯಾಗನ್‌ಗಿಂತ ಎಷ್ಟೋ ಪಟ್ಟು ಹೆಚ್ಚು ಮಾರಾಟವಾಯಿತು. ವಾರ್ನಿಶ್ ಬಳಿಯುವ ಗೋಜಿಲ್ಲ ಅಲ್ವಾ. ಷೆವ್ರೊಲೆ ಆ ವರ್ಷದ ನಡುವೆಯೇ ಮರ ಬಿಟ್ಟು ಉಕ್ಕಿಗೆ ಹೋಯಿತು. ಮರದ ಮೈಯ ಫೋರ್ಡ್ ವ್ಯಾಗನ್ 1951ಕ್ಕೆ ಮುಗಿಯಿತು. ಅಮೆರಿಕದಲ್ಲಿ ಕೊನೆಗೆ ನಿಂತದ್ದು 1953ರ ಬ್ಯೂಕ್ ಎಸ್ಟೇಟ್ ವ್ಯಾಗನ್.

ಸಮುದ್ರದಲ್ಲಿ ಸರ್ಫಿಂಗ್ ಮಾಡೋರ ಜೊತೆ ಈ ಕಾರಿನ ಚಿತ್ರ ಯಾಕೆ ಇರುತ್ತೆ?

1950ರ ದಶಕದಲ್ಲಿ ಇವು ಯಾರಿಗೂ ಬೇಡವಾದ ಹಳೇ ಗಾಡಿಗಳು, ಕವಡೆ ಕಾಸಿಗೆ ಸಿಗುತ್ತಿದ್ದವು. ಕ್ಯಾಲಿಫೋರ್ನಿಯಾದ ಹುಡುಗರ ಉದ್ದನೆಯ ಸರ್ಫ್ ಹಲಗೆ ಒಳಗೆ ಹಿಡಿಸುತ್ತಿತ್ತು, ರಾತ್ರಿ ಮಲಗಲೂ ಆಗುತ್ತಿತ್ತು. ಅವರು ಇಟ್ಟುಕೊಂಡಿದ್ದಕ್ಕೆ ಎಷ್ಟೋ ಕಾರು ಗುಜರಿಗೆ ಹೋಗದೆ ಉಳಿದವು.

ನಿಜವಾದ ಮರನಾ, ಸ್ಟಿಕ್ಕರಾ ಅಂತ ಗೊತ್ತಾಗೋದು ಹೇಗೆ?

ವರ್ಷ ಅರ್ಧ ಉತ್ತರ ಕೊಡುತ್ತದೆ. 1952ರಿಂದ ಫೋರ್ಡ್ ಕಂಟ್ರಿ ಸ್ಕ್ವೈರ್ ಕಾರುಗಳ ಮೇಲಿರುವ ಹಲಗೆ ಡೈನಾಕ್ ಎಂಬ ಮರದ ಚಿತ್ರದ ಹಾಳೆ. ಆ ಹೆಸರಿನ ಕಾರು 1991ರವರೆಗೂ ಹಾಳೆ ಅಂಟಿಸಿಕೊಂಡೇ ಬಂತು.

ನಡುವಿನ ಕಾಲದವು ಕಷ್ಟ. ಕ್ರೈಸ್ಲರ್ ಟೌನ್ ಅಂಡ್ ಕಂಟ್ರಿಯಲ್ಲಿ 1947ರ ಸುಮಾರಿಗೆ ಮಹಾಗನಿ ಹಲಗೆಯ ಜಾಗಕ್ಕೆ ಈ ಹಾಳೆಯೇ ಬಂತು, ಸುತ್ತಲಿನ ಆಶ್ ಚೌಕಟ್ಟು ಮಾತ್ರ ಅಸಲಿ. 1949ರಿಂದ 51ರ ಫೋರ್ಡ್‌ನಲ್ಲಿ ಪದರ ಪದರವಾಗಿ ಅಂಟಿಸಿ ಬಾಗಿಸಿದ ನಿಜವಾದ ಮರ ಇದೆ. ಆದರೆ ಅದರ ಬೆನ್ನಿಗೆ ಉಕ್ಕು ನಿಂತಿದೆ.

ಅಂಥ ಕಾರು ಸಿಕ್ಕರೆ ಬಾಗಿಲು ತೆರೆಯಿರಿ. ಹೊರಗೆ ಕಂಡ ಕಂಬ ಒಳಗೂ ಅದೇ ದಪ್ಪದಲ್ಲಿ ಮುಂದುವರಿದಿದೆಯಾ, ಕೀಲಿನ ಸ್ಕ್ರೂ ಮರಕ್ಕೆ ಹೋಗಿದೆಯಾ ಉಕ್ಕಿಗೆ ಹೋಗಿದೆಯಾ ನೋಡಿ. ಆಮೇಲೆ ಮಾಲೀಕರನ್ನು ಕೇಳಿ, ಬೆರಳ ಗೆಣ್ಣಿಂದ ಹಿಂಬಾಗಿಲಿನ ಕೆಳ ಪಟ್ಟಿಯನ್ನು ಮೆಲ್ಲಗೆ ತಟ್ಟಿ. ಗಟ್ಟಿ ಮರ ಟಕ್ ಟಕ್ ಅನ್ನುತ್ತದೆ. ಧಬ್ ಅಂದರೆ ಒಳಗೆ ಕೊಳೆತಿದೆ. ತಗಡಾದರೆ ಕೇಳಿದ ತಕ್ಷಣ ಗೊತ್ತಾಗಿಬಿಡುತ್ತದೆ.